ಮರೆವು ಮತ್ತು ಮರಹು



ವಚನಶಾಸ್ತ್ರದಲ್ಲಿ ಅರಿವು, ಮರಹು ಎಂಬ ಎರಡು ಶಬ್ದಗಳು ಮತ್ತೆ ಮತ್ತೆ ಜೊತೆಯಾಗಿ ಬರುತ್ತವೆ. ಅರಿವು ಗುರುವಿನ ಸ್ವರೂಪವೆಂದೂ ಮರಹು ಭವಬಂಧನಕ್ಕೆ ಮೂಲವೆಂದೂ ಶಿವಶರಣರು ಬಗೆಬಗೆಯಾಗಿ ಬೋಧಿಸಿದ್ದಾರೆ. ಜೀವನು ತಾನು ಶಿವಾಂಶನೆಂಬುದನ್ನು ಮರೆತು, ಈ ದೇಹವೇ ತಾನು, ಈ ಮನೆ ಹೊಲಗಳೇ ತನ್ನವು ಎಂದು ಬಗೆದು, ಲೋಭಮೋಹಗಳಲ್ಲಿ ಮುಳುಗುವ ಸ್ಥಿತಿಯೇ ಮರಹು. ಇದು ಇಪ್ಪತ್ತರ ತರುಣನಲ್ಲಿಯೂ ಇರಬಹುದು. ಸಹಸ್ರ ಶ್ಲೋಕಗಳನ್ನು ಬಾಯಿಪಾಠ ಒಪ್ಪಿಸುವ ಪಂಡಿತನಲ್ಲಿಯೂ ಇರಬಹುದು. ಇದಕ್ಕೂ ಜ್ಞಾಪಕಶಕ್ತಿಗೂ ಯಾವ ಸಂಬಂಧವೂ ಇಲ್ಲ.

ಆದರೆ ಶಬ್ದಗಳೆರಡೂ ಒಂದೇ ಬಗೆಯಾಗಿ ಕೇಳಿಸುವುದರಿಂದ ನಮ್ಮ ಭಕ್ತರ ಮನೆಗಳಲ್ಲಿ ಒಂದು ಭ್ರಾಂತಿ ಬೆಳೆದಿದೆ. ವಯಸ್ಸಾದ ತಂದೆಗೆ ಬೆಳಿಗ್ಗೆ ಲಿಂಗಪೂಜೆಯಾಯಿತೋ ಇಲ್ಲವೋ ನೆನಪಾಗುವುದಿಲ್ಲ. ಕರಡಿಗೆಯನ್ನು ಎಲ್ಲಿಟ್ಟೆನೆಂದು ತಾಯಿ ಮನೆಯೆಲ್ಲ ಹುಡುಕುತ್ತಾಳೆ. ಇದು ತನ್ನ ಪಾಪದ ಫಲವೆಂದೂ ಭಕ್ತಿ ಕುಂದಿದುದರ ಗುರುತೆಂದೂ ಆ ಹಿರಿಯರು ಒಳಗೊಳಗೇ ಕೊರಗಿ, ಯಾರೊಡನೆಯೂ ಹೇಳಿಕೊಳ್ಳುವುದಿಲ್ಲ. ಅತ್ತ ಮಕ್ಕಳು “ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ನುಡಿದು ಸುಮ್ಮನಾಗುತ್ತಾರೆ. ಹಿರಿಯರ ಲಜ್ಜೆ, ಮಕ್ಕಳ ಉದಾಸೀನ, ಇವೆರಡೂ ಸೇರಿ, ಸಕಾಲದಲ್ಲಿ ವೈದ್ಯರ ಬಳಿಗೆ ಹೋಗಬೇಕಾದವರನ್ನು ಮನೆಯಲ್ಲಿಯೇ ಕೂರಿಸಿಬಿಡುತ್ತವೆ. ಆದಕಾರಣ ಮರೆವು ಬೇರೆ, ಮರಹು ಬೇರೆ ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಸ್ಪಷ್ಟವಾಗಿ ತಿಳಿಯತಕ್ಕುದು. ಮರೆವು ದೇಹಕ್ಕೆ ಸೇರಿದ್ದು. ದೇಹಕ್ಕೆ ಸೇರಿದ್ದನ್ನು ವೈದ್ಯನಿಗೆ ತೋರಿಸುವುದರಲ್ಲಿ ನಾಚಿಕೆಯೂ ಇಲ್ಲ, ಭಕ್ತಿಲೋಪವೂ ಇಲ್ಲ.

ಮುಪ್ಪು ಬಂದು ಅಂಗಗಳು ಕುಂದುವ ಮುನ್ನವೇ ಶಿವಪೂಜೆಯಲ್ಲಿ ತೊಡಗಬೇಕೆಂದು ಬಸವಣ್ಣನವರು ಎಚ್ಚರಿಸಿರುವುದನ್ನು ನೀವೆಲ್ಲರೂ ಬಲ್ಲಿರಿ. ಆ ಎಚ್ಚರಿಕೆ ಮುದುಕರನ್ನು ನಿಂದಿಸುವುದಕ್ಕಾಗಿ ಹುಟ್ಟಿದ್ದಲ್ಲ. ದೇಹಧರ್ಮವನ್ನು ಇದ್ದಂತೆ ಕಂಡು, ಕಾಲವಿರುವಾಗಲೇ ಎಚ್ಚತ್ತುಕೊಳ್ಳಿರೆಂದು ಹೇಳಿದ ಕರುಣೆಯ ಮಾತು. ದೇಹವನ್ನೇ ಶಿವನ ಗುಡಿಯೆಂದು ಭಾವಿಸಿದ ಮಹಾನುಭಾವರು ಆ ಗುಡಿಯ ಜೀರ್ಣೋದ್ಧಾರವನ್ನು ಬೇಡವೆಂದಾರೆಯೆ? ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದನು. ರೋಗಿಗಳಿಗೆ ಔಷಧೋಪಚಾರ ಮಾಡುವುದೇ ಅವನ ಕಾಯಕ. ದೇಹದ ರೋಗವನ್ನೂ ಭವರೋಗವನ್ನೂ ಬಲ್ಲವನಾಗಿ ಅವನು ವಚನಗಳನ್ನು ರಚಿಸಿದನು. ವೈದ್ಯವೃತ್ತಿಯನ್ನು ಕಾಯಕವೆಂದು ಮನ್ನಿಸಿದ ಧರ್ಮದಲ್ಲಿ ಹುಟ್ಟಿದವರು, ಮದ್ದು ಕೇಳುವುದನ್ನು ಅವಿಶ್ವಾಸವೆಂದು ತಿಳಿಯುವುದು ಸರ್ವಥಾ ಸಲ್ಲದು.

ಇನ್ನು ಯಾವ ಮರೆವು ಸಹಜವಾದುದು, ಯಾವುದು ವಿಚಾರಿಸತಕ್ಕದ್ದು ಎಂಬುದನ್ನು ನೋಡೋಣ. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರೆಂಬುದು ಪ್ರಸಿದ್ಧ. ಕೆರೆಯುಳ್ಳ ಊರಿನವರಿಗೆ ಒಂದು ಸಂಗತಿ ಗೊತ್ತು. ಬೇಸಗೆಯಲ್ಲಿ ನೀರು ಇಳಿಯುತ್ತದೆ. ಅದಕ್ಕಾಗಿ ಯಾರೂ ಗಾಬರಿಗೊಳ್ಳುವುದಿಲ್ಲ. ಆದರೆ ಮಳೆಗಾಲದಲ್ಲಿಯೇ ನೀರು ದಿನೇ ದಿನೇ ಇಳಿಯತೊಡಗಿದರೆ ಏರಿಯಲ್ಲಿ ಎಲ್ಲಿಯೋ ಬಿರುಕು ಬಿಟ್ಟಿದೆಯೆಂದು ತಿಳಿದು ಊರವರು ಹೋಗಿ ನೋಡುತ್ತಾರೆ. ನೀರು ಇಳಿದುದು ಎರಡು ಕಡೆಯಲ್ಲಿಯೂ ಒಂದೇ. ಕಾರಣ ಮಾತ್ರ ಬೇರೆ.

ಅರವತ್ತು ಎಪ್ಪತ್ತು ದಾಟಿದವರಿಗೆ ಪರಿಚಿತರ ಹೆಸರು ನಾಲಗೆಯ ತುದಿಯಲ್ಲಿಯೇ ನಿಂತು, ಗಳಿಗೆ ಬಿಟ್ಟು ನೆನಪಾಗುವುದುಂಟು. ಕನ್ನಡಕ, ಬೀಗದ ಕೈ ಎಲ್ಲಿಟ್ಟೆವೆಂಬುದು ಮರೆತು, ಹುಡುಕಿದರೆ ಸಿಕ್ಕುವುದುಂಟು. ಒಳಮನೆಗೆ ಹೋಗಿ ಏತಕ್ಕೆ ಬಂದೆವೆಂದು ಕ್ಷಣಕಾಲ ನಿಲ್ಲುವುದುಂಟು. ಹೊಸದನ್ನು ಕಲಿಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಇಂದು ಯಾವ ವಾರವೆಂದು ತಪ್ಪಿ, ತಾವೇ ತಿದ್ದಿಕೊಳ್ಳುವುದೂ ಉಂಟು. ಇವೆಲ್ಲ ವಯೋಧರ್ಮ. ಇಂಥವರು ಮನೆಯ ವ್ಯವಹಾರವನ್ನು ಎಂದಿನಂತೆ ನಡೆಸಿಕೊಂಡು ಹೋಗುತ್ತಾರೆ. ಸುಳಿವು ಕೊಟ್ಟರೆ ಅವರಿಗೆ ನೆನಪು ಮರಳುತ್ತದೆ. ಇವರನ್ನು ಹೀಯಾಳಿಸದೆ, ವಸ್ತುಗಳನ್ನು ಗೊತ್ತಾದ ಜಾಗದಲ್ಲಿಡುವ ಅಭ್ಯಾಸ ಮಾಡಿಸಿದರೆ ಸಾಕು.

ಆದರೆ ಮುಂದೆ ಹೇಳುವ ಲಕ್ಷಣಗಳು ಏರಿಯ ಬಿರುಕನ್ನು ಸೂಚಿಸುತ್ತವೆ. ಒಂದೇ ಪ್ರಶ್ನೆಯನ್ನು ಗಂಟೆಯೊಳಗೆ ನಾಲ್ಕಾರು ಬಾರಿ ಕೇಳಿ, ಕೇಳಿದ್ದೇನೆಂಬ ಅರಿವೇ ಇಲ್ಲದಿರುವುದು. ನಲವತ್ತು ವರ್ಷ ನಡೆದಾಡಿದ ಓಣಿಯಲ್ಲಿ ಮನೆಯ ದಾರಿ ತಪ್ಪುವುದು. ಜನ್ಮವೆಲ್ಲ ರೊಟ್ಟಿ ತಟ್ಟಿದ ತಾಯಿಗೆ ರೊಟ್ಟಿ ಮಾಡುವ ಕ್ರಮವೇ ಕಲಸಿಹೋಗುವುದು. ಲೆಕ್ಕದಲ್ಲಿ ನಿಪುಣನಾಗಿದ್ದ ವ್ಯಾಪಾರಿಗೆ ಚಿಲ್ಲರೆ ಎಣಿಸಲು ಬಾರದಿರುವುದು. ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು, ಸೊಸೆ ಕದ್ದಳೆಂದು ದೂರುವುದು. ಮಾತಿನ ನಡುವೆ ಸಾಮಾನ್ಯ ವಸ್ತುಗಳ ಹೆಸರೇ ಸಿಕ್ಕದೆ ತಡವರಿಸುವುದು. ಶಾಂತಸ್ವಭಾವದವರು ಅಕಾರಣವಾಗಿ ಸಿಡುಕುವುದು, ಇಲ್ಲವೇ ಎಲ್ಲದರಲ್ಲಿಯೂ ಆಸಕ್ತಿ ಕಳೆದುಕೊಂಡು ಮೂಲೆ ಹಿಡಿಯುವುದು. ಇಂಥ ಚಿಹ್ನೆಗಳು ಕೆಲವು ತಿಂಗಳಿಂದ ಹೆಚ್ಚುತ್ತ ಬಂದು ನಿತ್ಯದ ಕೆಲಸಗಳಿಗೆ ಅಡ್ಡಿಯಾಗುತ್ತಿದ್ದರೆ ವೈದ್ಯರ ಸಲಹೆಯನ್ನು ಕೇಳಲೇಬೇಕು. ಅದು ಮುಪ್ಪಿನ ಸಹಜ ಕ್ರಮವೆಂದು ಕೈಬಿಡತಕ್ಕದ್ದಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. “ನನಗೆ ಮರೆವು ಹೆಚ್ಚಾಗಿದೆ” ಎಂದು ತಾವೇ ಹೇಳಿಕೊಳ್ಳುವ ಹಿರಿಯರಲ್ಲಿ ಅನೇಕರ ಮರೆವು ಸಾಮಾನ್ಯವಾದುದಾಗಿರುತ್ತದೆ. ಆದರೂ ಅವರಿಗೆ ಚಿಂತೆಯಿದ್ದರೆ ಒಮ್ಮೆ ತೋರಿಸಿ ಸಮಾಧಾನ ಹೊಂದುವುದು ಲೇಸು. ತಮಗೆ ಏನೂ ಆಗಿಲ್ಲವೆಂದು ಹಿರಿಯರು ಸಾಧಿಸುತ್ತಿದ್ದು, ಜೊತೆಯಲ್ಲಿರುವವರಿಗೆ ಮಾತ್ರ ಬದಲಾವಣೆ ಕಾಣುತ್ತಿದ್ದರೆ ಅದು ಹೆಚ್ಚಿನ ಎಚ್ಚರಕ್ಕೆ ಕಾರಣ. ಆದಕಾರಣ ಮನೆಯವರ ಕಣ್ಣೇ ಇಲ್ಲಿ ಮೊದಲನೆಯ ಸಾಕ್ಷಿ. ಅದನ್ನು ಹೇಗೆ ನುಡಿಯಬೇಕೆಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯಿದೆ. ಪತಿಯಾದ ಮಾರಯ್ಯನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕದ ಹೊತ್ತನ್ನು ಮರೆತಾಗ, ಆ ಸಾಧ್ವಿಯು ಅವನನ್ನು ಹಳಿಯಲಿಲ್ಲ, ನೆರೆದವರ ಮುಂದೆ ಕೀಳುಗಳೆಯಲಿಲ್ಲ. ಕಾಯಕ ನಿಂತಿದೆಯೆಂದು ನೆನಪಿಸಿದಳು. ಮಾರಯ್ಯನೂ ಆ ಮಾತನ್ನು ಅವಮಾನವೆಂದೆಣಿಸಲಿಲ್ಲ. ಅವನದು ರೋಗದ ಮರೆವಲ್ಲವೆಂಬುದು ನಿಜ. ಆದರೂ ಸತಿಯಾದವಳು ಪತಿಗೆ, ಮಕ್ಕಳಾದವರು ತಾಯಿತಂದೆಗಳಿಗೆ ಗೌರವವನ್ನು ಕಳೆಯದೆ ನಿಜವನ್ನು ತಿಳಿಸುವ ಮೇಲ್ಪಂಕ್ತಿ ಅಲ್ಲಿದೆ. “ಅಪ್ಪಾ, ಈಚೆಗೆ ನಿಮಗೆ ಆಯಾಸವಾಗುತ್ತಿರುವಂತಿದೆ; ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಬರೋಣ, ನಾನೂ ಬರುತ್ತೇನೆ” ಎಂದರೆ ಯಾವ ತಂದೆಯ ಮನಸ್ಸೂ ನೋಯಲಾರದು. “ನಿಮಗೆ ಬುದ್ಧಿ ಕೆಟ್ಟಿದೆ” ಎಂದರೆ ಮಗನಿಗೆ ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಆ ತಂದೆ ಹೊಸ್ತಿಲು ದಾಟಲಾರನು.

ನಿಧಾನವಾಗಿ ಬರುವ ಮರೆವಿನ ಮಾತು ಇದಾಯಿತು. ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಇದ್ದಕ್ಕಿದ್ದಂತೆ, ಒಂದೆರಡು ದಿನಗಳಲ್ಲಿಯೇ, ಮನೆಯವರ ಗುರುತು ಹಿಡಿಯದೆ ಏನೇನೋ ಮಾತಾಡತೊಡಗಿದರೆ ಅದನ್ನು ಮರೆವೆಂದು ಭಾವಿಸಿ ಕಾಯಕೂಡದು. ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ರಕ್ತದಲ್ಲಿ ಉಪ್ಪಿನ ಅಂಶ ಇಳಿಯುವುದು, ಸಕ್ಕರೆ ಇಳಿಯುವುದು, ಹೊಸ ಔಷಧದ ಪ್ರಭಾವ, ಇವುಗಳಿಂದ ಹಾಗಾಗುವುದುಂಟು. ಅಂದೇ ಆಸ್ಪತ್ರೆಗೆ ಒಯ್ಯಬೇಕು. ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಲಕ್ವದ ಲಕ್ಷಣ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ ಒಂದು ಗಳಿಗೆಯೂ ವ್ಯರ್ಥವಾಗಬಾರದು. ಬಚ್ಚಲಲ್ಲಿ ಜಾರಿಬಿದ್ದು ತಲೆಗೆ ಪೆಟ್ಟು ತಗುಲಿದ ಮುದುಕರಿಗೆ ಕೆಲವು ವಾರಗಳಾದ ಮೇಲೆ ಮಂಕುತನ ಬಂದರೆ, ತಲೆಬುರುಡೆಯೊಳಗೆ ಮೆಲ್ಲಗೆ ರಕ್ತ ಸೇರಿರಬಹುದು. ಬಿದ್ದ ಸಂಗತಿ ಚಿಕ್ಕದೆಂದು ತೋರಿದರೂ ವೈದ್ಯರಿಗೆ ಅದನ್ನು ಹೇಳಲೇಬೇಕು.

ಮರೆವಿಗೆಲ್ಲ ಮದ್ದಿಲ್ಲವೆಂಬ ನಿರಾಶೆಯೂ ಸರಿಯಲ್ಲ. ತಿದ್ದಬಹುದಾದ ಕಾರಣಗಳು ಹಲವಿವೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದರೆ ಮನಸ್ಸು ಮಂದವಾಗುತ್ತದೆ. ಬಿ-೧೨ ಎಂಬ ಜೀವಸತ್ತ್ವ ಕಡಮೆಯಾದರೂ ನೆನಪು ಕುಂದುತ್ತದೆ. ನಮ್ಮ ಸಮಾಜದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಜೀವಸತ್ತ್ವ ಕಾಳು, ಕಾಯಿಪಲ್ಯಗಳಲ್ಲಿ ಇಲ್ಲ; ಶಾಕಾಹಾರಿಗಳಿಗೆ ಹಾಲು ಮೊಸರುಗಳಿಂದಲೇ ದೊರೆಯಬೇಕು. ವಯಸ್ಸಾದಂತೆ ದೇಹ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿ ಅದು ಇನ್ನೂ ಕಡಮೆಯಾಗಬಹುದು. ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡಬಾರದು. ರಕ್ತಪರೀಕ್ಷೆ ಮಾಡಿಸಿದರೆ ಕೊರತೆ ತಿಳಿಯುತ್ತದೆ, ಅದನ್ನು ತುಂಬಿಕೊಡುವ ಮಾತ್ರೆ ಚುಚ್ಚುಮದ್ದುಗಳಿವೆ. ನಿದ್ರೆಯ ಗುಳಿಗೆಗಳು, ನೆಗಡಿ ತುರಿಕೆಗಳಿಗೆಂದು ಅಂಗಡಿಯಿಂದ ತಂದು ನುಂಗುವ ಕೆಲವು ಮಾತ್ರೆಗಳು ಸಹ ಮುದುಕರ ನೆನಪನ್ನು ಮಸುಕುಗೊಳಿಸುತ್ತವೆ. ಸಂಗಾತಿಯನ್ನು ಕಳೆದುಕೊಂಡವರ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಕಿವಿ ಮಂದವಾದವರು ಮಾತು ಕೇಳಿಸದೆ ಉತ್ತರಿಸದಿದ್ದರೆ ಮರೆತರೆಂದು ನಾವು ತಪ್ಪು ತಿಳಿಯುತ್ತೇವೆ. ಇವಕ್ಕೆಲ್ಲ ಪರಿಹಾರವಿದೆ. ಅರಳುಮರಳೆಂದು ಹಣೆಪಟ್ಟಿ ಹಚ್ಚಿದ ಮನೆಗಳಲ್ಲಿ ಈ ಪರಿಹಾರ ದೊರೆಯದೆ ಹೋಗುತ್ತದೆ.

ಪೂರ್ಣವಾಗಿ ಗುಣವಾಗದ ರೋಗವೂ ಉಂಟು. ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು ಜರ್ಮನಿಯ ವೈದ್ಯ ಆಲ್ಝೈಮರನು ೧೯೦೬ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರು ಬಂದಿದೆ. ಭಾರತದಲ್ಲಿ ೬೦ ವರ್ಷ ಮೀರಿದವರಲ್ಲಿ ನೂರಕ್ಕೆ ೭.೪ ಮಂದಿಗೆ, ಅಂದರೆ ಸುಮಾರು ೮೮ ಲಕ್ಷ ಜನರಿಗೆ ಡಿಮೆನ್ಷಿಯಾ ಇರಬಹುದೆಂದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅರವತ್ತು ಮೀರಿದವರಲ್ಲಿ ಬಹುಪಾಲು ಜನರಿಗೆ ಈ ರೋಗವಿಲ್ಲವೆಂಬುದೂ ಇದರಿಂದಲೇ ಸಿದ್ಧವಾಗುತ್ತದೆ. ಮುಪ್ಪೆಂದರೆ ಅರಳುಮರಳೆಂಬ ಗಾದೆ ಹುಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ದೇಹಶ್ರಮವಿಲ್ಲದ ಬಾಳು, ಜನಸಂಗವಿಲ್ಲದ ಏಕಾಂತ ಮೊದಲಾದ ೧೪ ಕಾರಣಗಳನ್ನು ಸರಿಪಡಿಸಿದರೆ, ಲೋಕದಲ್ಲಿ ಸುಮಾರು ನೂರಕ್ಕೆ ೪೫ರಷ್ಟು ಡಿಮೆನ್ಷಿಯಾವನ್ನು ತಡೆಯಲು ಇಲ್ಲವೆ ಮುಂದೂಡಲು ಸಾಧ್ಯವಾಗಬಹುದೆಂದು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯ ತಜ್ಞಸಮಿತಿ ೨೦೨೪ರಲ್ಲಿ ತಿಳಿಸಿತು. ದೇಹ ನಡೆಯುವವರೆಗೆ ಕಾಯಕವನ್ನು ಬಿಡಬಾರದೆಂದೂ ಶರಣರ ಸಂಗದಲ್ಲಿರಬೇಕೆಂದೂ ನಮ್ಮ ಹಿರಿಯರು ವಿಧಿಸಿದುದು ಆತ್ಮೋದ್ಧಾರಕ್ಕಾಗಿ. ಅದು ದೇಹಕ್ಕೂ ಹಿತವಾಗಿ ಪರಿಣಮಿಸಿರುವುದು ನಮ್ಮ ಭಾಗ್ಯ.

ವೈದ್ಯರ ಬಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಮರೆವು ಎಂದಿನಿಂದ ಕಂಡಿತು, ಮೆಲ್ಲಗೆ ಬಂದಿತೋ ಒಮ್ಮೆಲೇ ಬಂದಿತೋ, ಯಾವ ಯಾವ ಕೆಲಸ ತಪ್ಪಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಹಿರಿಯರು ಸೇವಿಸುವ ಎಲ್ಲ ಔಷಧಗಳನ್ನು, ಕಷಾಯ ಚೂರ್ಣಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ. ನಿತ್ಯವೂ ಜೊತೆಯಲ್ಲಿರುವವರೊಬ್ಬರು ಹೋಗಲಿ. ಮೊದಲು ನಿಮ್ಮ ಊರಿನ ಪರಿಚಿತ ವೈದ್ಯರಿಗೋ ಸರಕಾರಿ ಆಸ್ಪತ್ರೆಗೋ ತೋರಿಸಿದರೆ ಸಾಕು. ಅವರು ಕೆಲವು ಪ್ರಶ್ನೆಗಳನ್ನು ಕೇಳಿ ನೆನಪನ್ನು ಪರೀಕ್ಷಿಸಿ, ರಕ್ತಪರೀಕ್ಷೆ ಮಾಡಿಸಿ, ಅವಶ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮೊದಲಾದ ಸಂಸ್ಥೆಗಳಿಗೆ ಕಳುಹಿಸುತ್ತಾರೆ. ದೂರವಾಣಿಯಲ್ಲಿ ವಿಚಾರಿಸಬೇಕೆಂಬವರಿಗೆ ಹಿರಿಯರ ಸಹಾಯವಾಣಿ ೧೪೫೬೭, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ೧೪೪೧೬ ಎಂಬ ಸರಕಾರಿ ಸೇವೆಗಳಿವೆ.

ಗುಣವಾಗದ ರೋಗವಾದರೆ ಬೇಗ ತಿಳಿದು ಫಲವೇನೆಂದು ಕೆಲವರು ಕೇಳಬಹುದು. ಫಲವಿದೆ. ಕೆಲಕಾಲ ಲಕ್ಷಣಗಳನ್ನು ಹಗುರಗೊಳಿಸುವ ಔಷಧಗಳಿವೆ. ಅದಕ್ಕಿಂತ ಮುಖ್ಯವಾಗಿ, ಹಿರಿಯರು ತಮ್ಮ ಇಚ್ಛೆಯನ್ನು ತಾವೇ ಹೇಳಬಲ್ಲ ಕಾಲ ಅದು. ಹೊಲಮನೆಗಳ ವಿಭಾಗ, ಹೆಣ್ಣುಮಕ್ಕಳ ಪಾಲು, ಬ್ಯಾಂಕಿನ ಹಣ, ದಾನಧರ್ಮ, ಕೊನೆಯ ದಿನಗಳಲ್ಲಿ ಯಾರ ಬಳಿ ಇರಬೇಕೆಂಬ ಬಯಕೆ, ಇವನ್ನೆಲ್ಲ ಅವರ ಬಾಯಿಂದಲೇ ಕೇಳಿ ಎಲ್ಲರ ಸಮಕ್ಷಮದಲ್ಲಿ ಬರೆದಿಡಬಹುದು. ಈ ಕಾಲವನ್ನು ಕಳೆದು, ಅರ್ಥವಾಗದ ಸ್ಥಿತಿಯಲ್ಲಿರುವ ತಂದೆಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಳ್ಳುವ ಮಗನು ಹಣೆಗೆ ವಿಭೂತಿ ಧರಿಸಿದ್ದರೂ ಕಳವಿನ ದೋಷಕ್ಕೆ ಗುರಿಯಾಗುತ್ತಾನೆ. ಮಠಕ್ಕೆ ಕೊಡುವ ಕಾಣಿಕೆಗೂ ಇದೇ ಮಾತು ಅನ್ವಯಿಸುತ್ತದೆ: ಕೊಡುವವರ ಅರಿವಿಲ್ಲದೆ ಬಂದುದು ದಾಸೋಹದ್ರವ್ಯವಾಗಲಾರದು. ತಾಯಿತಂದೆಗಳ ಪೋಷಣೆಯನ್ನು ಮಕ್ಕಳ ಹೊಣೆಯಾಗಿಸುವ ಕಾನೂನು ೨೦೦೭ರಲ್ಲಿ ನಮ್ಮ ದೇಶದಲ್ಲಿ ಆಗಿದೆ. ಭಕ್ತನಾದವನು ಕಾನೂನಿನ ಭಯಕ್ಕಾಗಿ ಕಾಯಬಾರದು.

ಇನ್ನು ಪೂಜೆಯ ವಿಚಾರ. ನೆನಪು ಕುಂದಿದ ಹಿರಿಯರು ಒಂದೇ ಮುಂಜಾವಿನಲ್ಲಿ ಎರಡು ಬಾರಿ ಲಿಂಗಪೂಜೆಗೆ ಕುಳಿತರೆ ಜಗಳವಾಡಬೇಡಿರಿ. ಎರಡು ಬಾರಿ ಪೂಜಿಸಿದರೆ ಲಿಂಗಯ್ಯನು ಮುನಿಯುವುದಿಲ್ಲ. ಮರೆತು ಬಿಟ್ಟರೆ ಮೆಲ್ಲನೆ ಜೊತೆಯಲ್ಲಿ ಕುಳಿತು ವಿಭೂತಿಯ ಗಟ್ಟಿಯನ್ನು ಕೈಗೆ ಕೊಡಿರಿ. ಕರಡಿಗೆ, ಶಿವದಾರಗಳು ಭದ್ರವಾಗಿವೆಯೇ ಎಂದು ನಿತ್ಯವೂ ನೋಡಿರಿ. ಕ್ರಮದಲ್ಲಿ ತೊಡಕು ಬಂದರೆ ನಿಮ್ಮ ಗುರುಗಳನ್ನು ಕೇಳಿರಿ. ದೀಕ್ಷಾಕಾಲದಲ್ಲಿ ಗುರುವು ಕ್ರಿಯಾದೀಕ್ಷೆಯಿಂದ ಇಷ್ಟಲಿಂಗವನ್ನು ಕರಸ್ಥಲಕ್ಕೆ ಕೊಟ್ಟಂತೆಯೇ, ಮಂತ್ರದೀಕ್ಷೆಯಿಂದ ಪ್ರಾಣಲಿಂಗವನ್ನೂ ವೇಧಾದೀಕ್ಷೆಯಿಂದ ಭಾವಲಿಂಗವನ್ನೂ ನೆಲೆಗೊಳಿಸಿದನೆಂಬುದು ನಮ್ಮ ಸಿದ್ಧಾಂತ. ಕೈ ನಡುಗಿ, ಮಂತ್ರದ ಅಕ್ಷರ ತಪ್ಪಿ, ಪೂಜೆಯ ಕ್ರಮ ಕಲಸಿದರೂ ಪ್ರಾಣದಲ್ಲಿ, ಭಾವದಲ್ಲಿ ನೆಲಸಿದ ಲಿಂಗವನ್ನು ಯಾವ ರೋಗವೂ ಕಸಿಯಲಾರದು. ಈ ಮಾತನ್ನು ಕೊರಗುತ್ತಿರುವ ಹಿರಿಯರಿಗೆ ದಿನವೂ ಹೇಳಿರಿ. ಈ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪುಗಳು ಮೊದಲು ಅಳಿದು ಹಳೆಯವು ಬಹುಕಾಲ ಉಳಿಯುತ್ತವೆ. ಬೆಳಗಿನ ಪ್ರಸಾದ ನೆನಪಿಲ್ಲದ ಅಜ್ಜಿ ಬಾಲ್ಯದಲ್ಲಿ ಕಲಿತ ವಚನವನ್ನು ಅಕ್ಷರ ತಪ್ಪದೆ ಹಾಡಿಯಾಳು. ಆಕೆಯ ಬಳಿ ಕುಳಿತು ಮೊದಲ ಸಾಲನ್ನು ಹಾಡಿರಿ. ಅದು ರೋಗವನ್ನು ಕಳೆಯದು. ಆದರೆ ಆ ಗಳಿಗೆಯ ಭಯವನ್ನು ಕಳೆಯಬಲ್ಲದು.

ಕಡೆಯದಾಗಿ ಸೇವೆಯ ಮಾತು. ದಾಸೋಹವೆಂದರೆ ಜಾತ್ರೆಯ ದಿನ ಅನ್ನವಿಕ್ಕುವುದಷ್ಟೇ ಅಲ್ಲ. ಹತ್ತನೆಯ ಬಾರಿ ಕೇಳಿದ ಪ್ರಶ್ನೆಗೆ ಮೊದಲ ಬಾರಿಯಂತೆಯೇ ಉತ್ತರಿಸುವ ತಾಳ್ಮೆ ದಾಸೋಹ. ರಾತ್ರಿ ಎದ್ದು ಬಾಗಿಲ ಅಗುಳಿಯನ್ನೂ ಅಡಿಗೆಮನೆಯ ಗ್ಯಾಸನ್ನೂ ನೋಡಿ ಬರುವುದು ದಾಸೋಹ. ಆದರೆ ಈ ಭಾರವೆಲ್ಲ ಮನೆಯ ಸೊಸೆಯೊಬ್ಬಳ ತಲೆಯ ಮೇಲೆ ಬೀಳುವುದನ್ನು ನಾವು ಎಷ್ಟೋ ಕಡೆ ಕಾಣುತ್ತೇವೆ. ಕಳ್ಳಿಯೆಂಬ ದೂರನ್ನೂ ಕೇಳುತ್ತ, ಆ ಅತ್ತೆಗೇ ತುತ್ತಿಡುತ್ತ, ನಿದ್ರೆಯಿಲ್ಲದೆ ಸವೆಯುವ ಆ ಹೆಣ್ಣುಮಗಳೂ ಶರಣೆಯೇ. ಹೆತ್ತ ಗಂಡುಮಕ್ಕಳು, ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳು, ನೆರೆಯ ಭಕ್ತರು, ಎಲ್ಲರೂ ಸರದಿಯಿಂದ ಆ ಕೆಲಸವನ್ನು ಹಂಚಿಕೊಳ್ಳಬೇಕು. ವಾರದಲ್ಲಿ ಒಂದು ದಿನವಾದರೂ ಆಕೆ ನಿಶ್ಚಿಂತೆಯಿಂದ ಮಲಗುವಂತಾಗಬೇಕು.

ತಾಯಿ ನಿಮ್ಮ ಹೆಸರನ್ನು ಮರೆತರೆ ಅದು ಆಕೆಯ ಮಿದುಳಿನ ದೌರ್ಬಲ್ಯ, ಅದಕ್ಕೆ ಆಕೆ ಹೊಣೆಯಲ್ಲ. ಆಕೆ ನಿಮ್ಮ ತಾಯಿಯೆಂಬುದನ್ನು ನೀವು ಮರೆತರೆ, ಶರಣರು ಖಂಡಿಸಿದ ಮರಹು ಅದೇ. ಮೊದಲನೆಯದನ್ನು ತಡಮಾಡದೆ ವೈದ್ಯರಿಗೆ ತೋರಿಸಿರಿ. ಎರಡನೆಯದು ನಿಮ್ಮ ಮನೆಯ ಹೊಸ್ತಿಲನ್ನು ತುಳಿಯದಂತೆ ಗುರುಕರುಣೆ ನಿಮ್ಮನ್ನು ಕಾಪಾಡಲಿ. ನಿಮ್ಮ ಮನೆಯ ಹಿರಿಯರು ಅಭಯದಿಂದ ಬಾಳಲಿ.